ಅಮ್ಮನ ಕಾಲು ಬಿಗಿಯಾಗುತ್ತಿದೆ, ಸೊಂಟದ ಸ್ಕ್ಯಾನ್‌ನಲ್ಲಿ ಡಿಸ್ಕ್ ಅಂತ ಬಂದಿದೆ. ಮುಂದೇನು?

ನಾಪೋಕ್ಲು ಹುಡುಗಿ:
ಎಲ್ಲರಿಗೂ ನಮಸ್ಕಾರ. ಅಮ್ಮನ ಬಗ್ಗೆ ಕೇಳಬೇಕಿತ್ತು. ಅವರಿಗೆ 58 ವರ್ಷ. ಕಳೆದ ಕಾಫಿ ಕೊಯ್ಲಿನ ಹೊತ್ತಿಗೆ ಎಡಗಾಲು ಭಾರ ಅನ್ನಲು ಶುರು ಮಾಡಿದರು. ತೋಟದ ಕೆಲಸ ಜಾಸ್ತಿಯಾಯಿತು ಅಂದುಕೊಂಡೆವು. ಮಳೆಗಾಲ ಬರುವಷ್ಟರಲ್ಲಿ ಎರಡೂ ಕಾಲು ಬಿಗಿ. ನಡೆಯುವಾಗ ಚಪ್ಪಲಿ ಕಳಚಿ ಹೋದರೂ ಅವರಿಗೆ ಗೊತ್ತಾಗುವುದಿಲ್ಲ. ಹಿಂದೆ ಬರುವವರು ಹೇಳಬೇಕು. ಸೊಂಟದ ಎಂಆರ್‌ಐ ಮಾಡಿಸಿದೆವು. ಎಲ್4-ಎಲ್5, ಅಂದರೆ ಸೊಂಟದ ನಾಲ್ಕು ಮತ್ತು ಐದನೇ ಮೂಳೆ ನಡುವಿನ ಡಿಸ್ಕ್ ಉಬ್ಬಿದೆ ಅಂತ ರಿಪೋರ್ಟ್. ಸಯಾಟಿಕಾ, ಅಂದರೆ ನರ ಒತ್ತಿ ಕಾಲಿಗೆ ಇಳಿಯುವ ನೋವು ಅಂದರು. ಮಾತ್ರೆ, ಬೆಲ್ಟ್, ಎಣ್ಣೆ ಎಲ್ಲ ಆಯಿತು, ಕಡಿಮೆ ಆಗಿಲ್ಲ. ಈಗ ಎದೆಯ ಕೆಳಗೆ ಸುತ್ತಲೂ ಹಗ್ಗ ಬಿಗಿದ ಹಾಗೆ ಆಗುತ್ತದಂತೆ. ಮಲಗಿದರೆ ಬೆನ್ನು ನೋವು ಜಾಸ್ತಿ, ರಾತ್ರಿ ಎದ್ದು ಕೂರುತ್ತಾರೆ. ಯಾರ ಮನೆಯಲ್ಲಾದರೂ ಹೀಗೆ ಆಗಿತ್ತಾ?

ಮೆಣಸುಬಳ್ಳಿ:
ನಮ್ಮ ತಂದೆಗೂ ಡಿಸ್ಕ್ ಇತ್ತು ತಂಗಿ. ವರ್ಷಗಟ್ಟಲೆ ಗೋಣಿಚೀಲ ಹೊತ್ತ ಬೆನ್ನು, ಇನ್ನೇನಾಗುತ್ತೆ. ಕಕ್ಕಡ ತಿಂಗಳ ಮಳೆಚಳಿಗೆ ನೋವು ಏರುವುದು ಮಾಮೂಲಿ. ನಮ್ಮ ಕಡೆ ಬೆನ್ನು ಎಳೆದು ಕೂರಿಸುವವರು ಒಬ್ಬರಿದ್ದಾರೆ, ಬೇಕಿದ್ದರೆ ಹೇಳುತ್ತೇನೆ. ಮಳೆ ಸ್ವಲ್ಪ ಇಳಿಯಲಿ, ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಮೈಸೂರಿಗೆ ಹೋದರಾಯಿತು.

ಫಿಸಿಯೋ ಗೋಣಿಕೊಪ್ಪ:
ದಯವಿಟ್ಟು ಯಾರೂ ಎಳೆಯುವುದು ಬೇಡ. ನನಗೆ ಮೂರು ವಿಷಯ ತಿಳಿಯಬೇಕು. ಒಂದು, ನೋವು ಸೊಂಟದಿಂದ ಕಾಲಿಗೆ ಇಳಿಯುತ್ತಾ, ಇಲ್ಲ ಕಾಲಲ್ಲಿ ನೋವಿಲ್ಲದೆ ಬರೀ ಬಿಗಿತವಾ? ಎರಡು, ಜೋಮು ಪಾದದಲ್ಲಿ ಮಾತ್ರವಾ, ಹೊಟ್ಟೆಯ ತನಕ ಹತ್ತಿದೆಯಾ? ಮೂರು, ಮೂತ್ರಕ್ಕೆ ಅವಸರ ಆಗುತ್ತಾ, ಅಥವಾ ಹೋಗಿ ಕೂತರೂ ತಡವಾಗಿ ಬರುತ್ತಾ? ಮೂರನೆಯದನ್ನು ಅಮ್ಮಂದಿರು ತಾವಾಗಿ ಹೇಳುವುದಿಲ್ಲ. ನೀವೇ ಕೇಳಬೇಕು.

ನಾಪೋಕ್ಲು ಹುಡುಗಿ:
ಈಗಷ್ಟೇ ಕೇಳಿದೆ. ಕಾಲಲ್ಲಿ ನೋವಿಲ್ಲ, ಬರೀ ಬಿಗಿ. ರಾತ್ರಿ ಕಾಲು ತಾನಾಗೇ ಮಡಚಿಕೊಳ್ಳುತ್ತೆ. ಜೋಮು ಹೊಕ್ಕುಳ ದಾಟಿ ಮೇಲೆ ಬಂದಿದೆ. ಮೂತ್ರಕ್ಕೆ ಅವಸರ ಅಂತೆ, ಬಾಗಿಲ ತನಕ ಹೋಗುವಷ್ಟು ತಡೆಯಲು ಆಗುವುದಿಲ್ಲವಂತೆ. ನನಗೆ ಇದುವರೆಗೆ ಹೇಳಿರಲೇ ಇಲ್ಲ.

ಡಾ. ಪೊನ್ನಂಪೇಟೆ:
ನಾನು ಪೊನ್ನಂಪೇಟೆ ಕಡೆಯವಳು. ಈಗ ಮೈಸೂರಿನಲ್ಲಿ ನರರೋಗ ವಿಭಾಗದಲ್ಲಿದ್ದೇನೆ. ಕೈಯಿಂದ ಪರೀಕ್ಷೆ ಮಾಡದೆ ಇದೇ ಕಾಯಿಲೆ ಅಂತ ಹೇಳಲು ಆಗುವುದಿಲ್ಲ. ಆದರೆ ನೀವು ಬರೆದದ್ದು ಸಯಾಟಿಕಾದ ಹಾಗೆ ಕಾಣುವುದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇರೆಯವರಿಗೂ ಬೇಕಾಗುತ್ತದೆ.

ಬೆನ್ನುಹುರಿ ಮೆದುಳಿನಿಂದ ಇಳಿದು ದೊಡ್ಡವರಲ್ಲಿ ಸೊಂಟದ ಮೊದಲ ಮೂಳೆ ಹತ್ತಿರ ಮುಗಿಯುತ್ತದೆ. ಅದರ ಕೆಳಗೆ ಇರುವುದು ಬರೀ ನರಗಳ ಗೊಂಚಲು. ಎಲ್4-ಎಲ್5 ಡಿಸ್ಕ್ ಒತ್ತುವುದು ಆ ನರವನ್ನು. ಆಗ ಕಾಲಿನ ಒಂದು ಗೆರೆಯಲ್ಲಿ ನೋವು ಇಳಿಯುತ್ತದೆ, ಸ್ನಾಯು ಸಡಿಲವಾಗುತ್ತದೆ, ಆ ನರದ ಕಡೆ ಸುತ್ತಿಗೆ ತಟ್ಟಿದರೆ ಬರುವ ಪ್ರತಿಕ್ರಿಯೆ ಕುಗ್ಗುತ್ತದೆ. ಅಮ್ಮನಲ್ಲಿ ಎಲ್ಲ ತಿರುಗಾಮುರುಗಾ ಇದೆ. ಕಾಲು ಬಿಗಿ, ಎರಡೂ ಕಡೆ, ಜೋಮು ಹೊಟ್ಟೆಯ ಮೇಲಿನ ತನಕ. ಸೊಂಟದ ಡಿಸ್ಕ್‌ಗೆ ಹೊಕ್ಕುಳ ಮರಗಟ್ಟಿಸುವ ಶಕ್ತಿ ಇಲ್ಲ. ಹೊಕ್ಕುಳ ಇರುವುದು ಎದೆಭಾಗದ ಹತ್ತನೇ ನರದ ಪಾಲಿನಲ್ಲಿ. ಮೊಲೆತೊಟ್ಟಿನ ಮಟ್ಟ ನಾಲ್ಕನೆಯದು. ಹಾಗಾಗಿ ಜೋಮಿನ ಮೇಲಿನ ಗೆರೆ ಎಲ್ಲಿ ನಿಲ್ಲುತ್ತದೋ, ತೊಂದರೆ ಅಲ್ಲಿ ಅಥವಾ ಅದಕ್ಕಿಂತ ಮೇಲೆ. ಕೆಳಗಂತೂ ಅಲ್ಲ.

ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಜೆಟ್‌ನಲ್ಲಿ ನೀರು ಬರುತ್ತಿಲ್ಲ ಅಂದರೆ ಜೆಟ್ ಬಿಚ್ಚಿ ನೋಡುತ್ತಾ ಕೂತರೆ ಆಗುವುದಿಲ್ಲ. ಪೈಪ್ ಮೇಲೆ ಎಲ್ಲೋ ಒತ್ತಿಹೋಗಿರಬಹುದು.

ಸೊಂಟದ ಎಂಆರ್‌ಐ ಸಾಮಾನ್ಯವಾಗಿ ಎದೆಭಾಗದ ಕೊನೆಯ ಒಂದೆರಡು ಮೂಳೆಯಿಂದ ಕೆಳಗೆ ಮಾತ್ರ ತೋರಿಸುತ್ತದೆ. ಅದರ ಮೇಲೆ ಗಡ್ಡೆ ಇದ್ದರೂ ಚಿತ್ರದಲ್ಲಿ ಬರುವುದೇ ಇಲ್ಲ. ಇನ್ನು ಡಿಸ್ಕ್ ಉಬ್ಬಿದೆ ಅನ್ನುವ ಮಾತು. ಐವತ್ತು ದಾಟಿದವರಲ್ಲಿ ಒಂದು ಚೂರೂ ನೋವಿಲ್ಲದವರನ್ನು ಸ್ಕ್ಯಾನ್ ಮಾಡಿದರೂ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಅದು ಕಾಣುತ್ತದೆ. ಅದು ಇದೆ ಅಂದ ಮಾತ್ರಕ್ಕೆ ಅದೇ ಕಾರಣ ಅಲ್ಲ.

ಅಮ್ಮನಿಗೆ ಬೇಕಾಗಿರುವುದು ಪೂರ್ತಿ ಬೆನ್ನಿನ ಎಂಆರ್‌ಐ, ಕಾಂಟ್ರಾಸ್ಟ್ ಜೊತೆ, ಅಂದರೆ ಚಿತ್ರ ಸ್ಪಷ್ಟವಾಗಿ ಬರಲು ರಕ್ತನಾಳಕ್ಕೆ ಔಷಧಿ ಕೊಟ್ಟು. ಅದಕ್ಕೆ ಮೊದಲು ಕಿಡ್ನಿ ಸರಿಯಿದೆಯಾ ಅಂತ ಕ್ರಿಯಾಟಿನಿನ್ ನೋಡುತ್ತಾರೆ. ಮೈಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಬೇಕು. ಮಳೆ ನಿಲ್ಲಲಿ ಅಂತ ಕಾಯಬೇಡಿ. ಕಾಲಲ್ಲಿ ನಡಿಗೆ ಉಳಿದಿರುವಾಗಲೇ ಹೋಗುವುದು ಮುಖ್ಯ. ಬಿಗಿತ ದಿನದಿಂದ ದಿನಕ್ಕೆ ಏರುತ್ತಿದ್ದರೆ, ಅಥವಾ ಮೂತ್ರ ಕಟ್ಟಿದರೆ, ಅಪಾಯಿಂಟ್‌ಮೆಂಟ್ ಬೇಡ, ನೇರವಾಗಿ ಎಮರ್ಜೆನ್ಸಿಗೆ.

ಕಕ್ಕಬ್ಬೆ ಅಕ್ಕ:
ತಂಗಿ, ಡಾಕ್ಟರ್ ಮೇಡಂ ಹೇಳಿದ ಹಾಗೆ ಮಾಡಿ. ನನ್ನದು ಹೆಚ್ಚು ಕಡಿಮೆ ನಿಮ್ಮ ಅಮ್ಮನದೇ ಕಥೆ.

2018ರ ಆಗಸ್ಟ್ ನೆನಪಿದೆಯಲ್ಲ. ಗುಡ್ಡ ಕುಸಿದು ಸಂಪಾಜೆ ಘಾಟ್ ರಸ್ತೆ ಬಂದ್. ಊರಲ್ಲಿ ಎಲ್ಲರಿಗೂ ತೋಟ, ಮನೆ, ಸಂಬಂಧಿಕರದೇ ಚಿಂತೆ. ಆ ಸಮಯದಲ್ಲೇ ನನಗೆ ಶುರುವಾದದ್ದು. ಜೀಪಿನ ಕ್ಲಚ್ ಮೇಲೆ ಕಾಲಿಟ್ಟರೆ ಹಿಮ್ಮಡಿ ತಾನಾಗೇ ಟಕಟಕ ಕುಣಿಯುತ್ತಿತ್ತು. ನಿಲ್ಲಿಸಲು ಆಗುತ್ತಿರಲಿಲ್ಲ. ಆಮೇಲೆ ಬಚ್ಚಲುಮನೆಯಲ್ಲಿ ಇನ್ನೊಂದು ವಿಚಿತ್ರ. ಹಂಡೆಯ ಬಿಸಿನೀರು ಎಡಗಾಲಿಗೆ ಸುಡುತ್ತಿತ್ತು, ಬಲಗಾಲಿಗೆ ಬಿಸಿಯೇ ಗೊತ್ತಾಗುತ್ತಿರಲಿಲ್ಲ. ಆದರೆ ಸೋತಿದ್ದು ಎಡಗಾಲು. ಶಕ್ತಿ ಇದ್ದ ಕಾಲಿಗೆ ಬಿಸಿ ತಿಳಿಯದು, ಬಿಸಿ ತಿಳಿಯುವ ಕಾಲಿಗೆ ಶಕ್ತಿ ಇಲ್ಲ. ಯಾರಿಗೆ ಹೇಳಿದರೂ ಟೆನ್ಷನ್ ಅಂದರು.

ಒಂದು ಕ್ಲಿನಿಕ್‌ನಲ್ಲಿ ಇಂಜೆಕ್ಷನ್ ಕೊಟ್ಟರು. ಕೆಲವು ದಿನ ಎಷ್ಟು ಹಗುರ ಆಯಿತೆಂದರೆ ಗುಣವಾಯಿತು ಅಂತ ಮನೆಯವರೆಲ್ಲ ನಂಬಿದರು. ಮತ್ತೆ ಮೊದಲಿಗಿಂತ ಜಾಸ್ತಿಯಾಗಿ ಬಂತು. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು ಅಂಗಾಲಿನಲ್ಲಿ ಕೀಲಿಕೈಯಿಂದ ಗೀಚಿದರು. ಹೆಬ್ಬೆರಳು ಮೇಲಕ್ಕೆ ಎದ್ದಿತು. ಅವರು ಸೊಂಟದ ಮಾತೇ ಎತ್ತಲಿಲ್ಲ. ಹತ್ತಿಯಿಂದ, ಗುಂಡುಸೂಜಿಯಿಂದ ಹೊಟ್ಟೆಯಿಂದ ಮೇಲಕ್ಕೆ ಮುಟ್ಟುತ್ತಾ ಬಂದರು. ಎಲ್ಲಿ ಚುರುಕ್ ಅಂತ ಗೊತ್ತಾಯಿತೋ ಅಲ್ಲಿ ಪೆನ್ನಿನಿಂದ ಗೆರೆ ಹಾಕಿ, ಇಲ್ಲಿ ಸ್ಕ್ಯಾನ್ ಮಾಡಿಸಿ ಅಂದರು. ಎದೆಭಾಗದ ಆರನೇ ಮೂಳೆಯ ಹತ್ತಿರ ಗಡ್ಡೆ ಇತ್ತು. ಮೆನಿಂಜಿಯೋಮಾ, ಹುರಿಯ ಸುತ್ತಲಿನ ಪೊರೆಯಲ್ಲಿ ಹುಟ್ಟುವ ಗಡ್ಡೆ. ಕ್ಯಾನ್ಸರ್ ಅಲ್ಲ.

ಆಪರೇಷನ್ ಆಯಿತು. ಈಗ ತೋಟದಲ್ಲಿ ಇಳಿಜಾರು ಇಳಿಯುವಾಗ ಕೋಲು ಹಿಡಿಯುತ್ತೇನೆ, ಸಮ ಜಾಗದಲ್ಲಿ ಬೇಡ. ಬಲಗಾಲಿಗೆ ಬಿಸಿ ಇವತ್ತಿಗೂ ಪೂರ್ತಿ ತಿಳಿಯುವುದಿಲ್ಲ. ಆದ್ದರಿಂದ ಒಲೆ ಹತ್ತಿರ ಕಾಲು ಚಾಚಿ ಕೂರುವುದಿಲ್ಲ, ಹಾಟ್ ವಾಟರ್ ಬ್ಯಾಗ್ ಮುಟ್ಟುವುದಿಲ್ಲ. ನಿಮ್ಮ ಅಮ್ಮನಿಗೂ ಇದನ್ನು ಇವತ್ತೇ ಹೇಳಿ. ಈ ಚಳಿಯಲ್ಲಿ ಮರಗಟ್ಟಿದ ಕಾಲು ಸುಟ್ಟುಕೊಳ್ಳುವುದು ಬಹಳ ಸುಲಭ.

ಡಾ. ಪೊನ್ನಂಪೇಟೆ:
ಅಕ್ಕ ಬರೆದ ಬಿಸಿನೀರಿನ ವಿಷಯ ಟೆನ್ಷನ್ ಅಲ್ಲವೇ ಅಲ್ಲ. ನೋವು ಮತ್ತು ಬಿಸಿಯ ಸುದ್ದಿ ಒಯ್ಯುವ ಎಳೆಗಳು ಬೆನ್ನುಹುರಿಗೆ ಬಂದ ಸ್ವಲ್ಪ ಮೇಲೆಯೇ ಆಚೆ ಬದಿಗೆ ದಾಟಿಬಿಡುತ್ತವೆ. ಚಲನೆಯ ಎಳೆಗಳು ದಾಟುವುದು ಮೆದುಳಿನ ಬುಡದಲ್ಲಿ. ಹಾಗಾಗಿ ಹುರಿಯ ಎಡಬದಿ ಒತ್ತಿದರೆ ಎಡಗಾಲು ಸೋಲುತ್ತದೆ, ಬಲಗಾಲಿಗೆ ಬಿಸಿ ತಿಳಿಯುವುದಿಲ್ಲ. ಬ್ರೌನ್-ಸೆಕಾರ್ ಅನ್ನುವವರು ಹತ್ತೊಂಬತ್ತನೇ ಶತಮಾನದಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಅಂಗಾಲು ಗೀಚಿದಾಗ ಹೆಬ್ಬೆರಳು ಮೇಲೇಳುವುದು ಮೆದುಳು ಅಥವಾ ಹುರಿಯ ತೊಂದರೆಯ ಗುರುತು, ಅದನ್ನು 1896ರಲ್ಲಿ ಬಾಬಿನ್‌ಸ್ಕಿ ತಿಳಿಸಿದರು. ಒಂದು ಕೀಲಿಕೈ, ಒಂದು ಗುಂಡುಸೂಜಿ ಸಾಕು. ಕೋಟಿ ರೂಪಾಯಿಯ ಮೆಷಿನ್ ಎಲ್ಲಿ ನೋಡಬೇಕು ಅಂತ ಹೇಳುವುದು ಅವೇ.

ಇಂಜೆಕ್ಷನ್ ಸ್ಟಿರಾಯ್ಡ್ ಆಗಿದ್ದರೆ ಹುರಿಯ ಸುತ್ತಲಿನ ಊತ ಇಳಿದು ಕೆಲವು ದಿನ ಆರಾಮ ಅನ್ನಿಸುತ್ತದೆ. ಆಸ್ಪತ್ರೆಯಲ್ಲಿ ನಾವೂ ಆಪರೇಷನ್‌ಗೆ ಮೊದಲು ಅದನ್ನು ಕೊಡುತ್ತೇವೆ. ಆದರೆ ಕಾರಣ ಹುಡುಕದೆ ಕೊಟ್ಟರೆ ಸಮಯ ಮಾತ್ರ ಹಾಳು.

ನಿವೃತ್ತ ಸುಬೇದಾರ್:
ನನ್ನ ಅನುಭವದಲ್ಲಿ ಬೆನ್ನಿಗೆ ಕತ್ತಿ ಹಾಕಿಸಿಕೊಂಡವರು ಮತ್ತೆ ಎದ್ದದ್ದು ಕಡಿಮೆ. ನಮ್ಮ ಯೂನಿಟ್‌ನಲ್ಲಿ ಒಬ್ಬರು ಹಾಗೇ ಹಾಸಿಗೆ ಹಿಡಿದರು. ಹೆದರಿಸಲು ಹೇಳುತ್ತಿಲ್ಲ. ಎರಡು ಕಡೆ ಕೇಳಿ ತೀರ್ಮಾನ ಮಾಡಿ.

ಡಾ. ಪೊನ್ನಂಪೇಟೆ:
ಎರಡನೇ ಅಭಿಪ್ರಾಯ ಕೇಳುವುದು ಒಳ್ಳೆಯದೇ ಅಂಕಲ್. ಆದರೆ ಹಾಸಿಗೆ ಹಿಡಿಯುವುದು ಬಹಳ ಸಲ ಆಪರೇಷನ್ ಮಾಡಿಸಿದ್ದಕ್ಕಲ್ಲ, ತಡವಾಗಿ ಮಾಡಿಸಿದ್ದಕ್ಕೆ. ಕಾಲು ಪೂರ್ತಿ ಬಿದ್ದ ಮೇಲೆ ಬಂದರೆ ಗಡ್ಡೆ ತೆಗೆದರೂ ಹುರಿ ಚೇತರಿಸುವುದು ಕಷ್ಟ.

ಒಂದು ಹಳೆಯ ಸಂಗತಿ ಹೇಳುತ್ತೇನೆ. 1887ರಲ್ಲಿ ಲಂಡನ್‌ನಲ್ಲಿ ಗಿಲ್ಬಿ ಅನ್ನುವ ಒಬ್ಬ ಕ್ಯಾಪ್ಟನ್ ಇದ್ದರು. ವರ್ಷಗಳಿಂದ ಹೆಗಲಮೂಳೆ ಹತ್ತಿರ ನೋವು. ಎಷ್ಟೋ ಡಾಕ್ಟರುಗಳಿಗೆ ತೋರಿಸಿದ್ದರು. ಕೊನೆಗೆ ಎರಡೂ ಕಾಲು ಬಿದ್ದು, ಮೂತ್ರ ಕಟ್ಟಿತು. ಎಕ್ಸ್‌ರೇ ಇನ್ನೂ ಬಂದೇ ಇರಲಿಲ್ಲ. ಗೋವರ್ಸ್ ಅನ್ನುವ ನರತಜ್ಞರು ಮೈಮೇಲಿನ ಜೋಮಿನ ಗೆರೆ ನೋಡಿ ಗಡ್ಡೆ ಎಲ್ಲಿದೆ ಅಂತ ಹೇಳಿದರು. ಸರ್ಜನ್ ಹಾರ್ಸ್ಲಿ ತೆರೆದರು. ಮೊದಲು ಏನೂ ಸಿಗಲಿಲ್ಲ. ಇನ್ನೂ ಮೇಲಕ್ಕೆ ಹೋದರು, ಸಿಕ್ಕಿತು. ಬೆನ್ನುಹುರಿಯ ಗಡ್ಡೆಯನ್ನು ಯಶಸ್ವಿಯಾಗಿ ತೆಗೆದದ್ದರಲ್ಲಿ ಇದೇ ಮೊದಲನೆಯದು. ಮರುವರ್ಷ ಆ ಕ್ಯಾಪ್ಟನ್ ಮೈಲಿಗಟ್ಟಲೆ ನಡೆಯುತ್ತಿದ್ದರು. ಆಗ ಮೈಕ್ರೋಸ್ಕೋಪ್ ಇಟ್ಟು ಆಪರೇಷನ್ ಮಾಡುವ ಪದ್ಧತಿ ಇರಲಿಲ್ಲ, ನರದ ಸಂಕೇತವನ್ನು ಆಪರೇಷನ್ ನಡೆಯುವಾಗಲೇ ನೋಡುವ ಮೆಷಿನ್ ಇರಲಿಲ್ಲ. ಈಗ ಎರಡೂ ಇವೆ.

ಅಪಾಯವೇ ಇಲ್ಲ ಅಂತ ಹೇಳುವುದಿಲ್ಲ. ಸೋಂಕು, ಬೆನ್ನುಹುರಿಯ ಸುತ್ತಲಿನ ನೀರು ಸೋರುವುದು, ಕೆಲವರಲ್ಲಿ ಬಲ ಮೊದಲಿಗಿಂತ ಕುಗ್ಗುವುದು, ಇವೆಲ್ಲ ಆಗಬಹುದು. ಗಡ್ಡೆ ಹುರಿಯ ಹೊರಗೆ ಇದೆಯಾ ಒಳಗೆ ಇದೆಯಾ ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ. ಮೆನಿಂಜಿಯೋಮಾ, ಶ್ವಾನೋಮಾ ಹುರಿಯ ಹೊರಗೆ ಇದ್ದು ಒತ್ತುವಂಥವು. ಬಹುಪಾಲು ಸಾದಾ ಗಡ್ಡೆಗಳು, ಪೂರ್ತಿ ತೆಗೆಯಲು ಬರುತ್ತವೆ. ಮೆನಿಂಜಿಯೋಮಾ ಹೆಂಗಸರಲ್ಲಿ ಜಾಸ್ತಿ, ಅದೂ ಬೆನ್ನಿನ ಎದೆಭಾಗದಲ್ಲಿ. ಎಪೆಂಡಿಮೋಮಾ, ಆಸ್ಟ್ರೋಸೈಟೋಮಾ ಹುರಿಯ ಒಳಗೇ ಹುಟ್ಟುತ್ತವೆ, ಅವು ಸೂಕ್ಷ್ಮ ಕೆಲಸ. ಇನ್ನು ಬೆನ್ನುಮೂಳೆಗೆ ಬೇರೆ ಕಡೆಯಿಂದ ಹರಡಿದ ಕ್ಯಾನ್ಸರ್. ಬೆನ್ನಿನ ಗಡ್ಡೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಅದೇ. ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರಿಗೆ ಹೊಸದಾಗಿ ಬೆನ್ನು ನೋವು ಬಂದರೆ ಒಂದು ದಿನವೂ ತಡ ಮಾಡಬಾರದು. ಅಲ್ಲಿ ರೇಡಿಯೇಷನ್ ಕೂಡ ದೊಡ್ಡ ಚಿಕಿತ್ಸೆ.

ಸಿದ್ದಾಪುರ ಲೈನ್:
ನನ್ನ ಗಂಡನಿಗೆ ಎಂಆರ್‌ಐ ನೋಡಿ ಕ್ಯಾನ್ಸರ್ ಇರಬಹುದು ಅಂದಿದ್ದರು. ತೋಟದ ಕೆಲಸದವರ ಲೈನ್ ಮನೆಯಲ್ಲಿ ಅತ್ತು ಕರೆದು ಎಲ್ಲ ಆಯಿತು. ಸೂಜಿ ಹಾಕಿ ತುಣುಕು ತೆಗೆದು ನೋಡಿದಾಗ ಬೆನ್ನುಮೂಳೆಯ ಟಿಬಿ. ಒಂದು ವರ್ಷಕ್ಕಿಂತ ಜಾಸ್ತಿ ಮಾತ್ರೆ ತಿಂದರು. ಈಗ ಕೆಲಸಕ್ಕೆ ಹೋಗುತ್ತಾರೆ. ಸರ್ಕಾರದಿಂದ ಊಟಕ್ಕೆ ಅಂತ ಬ್ಯಾಂಕಿಗೆ ದುಡ್ಡೂ ಬಂತು. ಬಯಾಪ್ಸಿ ಬರುವ ತನಕ ಯಾರೂ ಎದೆಗುಂದಬೇಡಿ.

ಡಾ. ಪೊನ್ನಂಪೇಟೆ:
ತುಂಬಾ ಮುಖ್ಯವಾದ ಮಾತು ಅಕ್ಕ. ನಮ್ಮ ದೇಶದಲ್ಲಿ ಟಿಬಿಯನ್ನು ಮರೆಯಲೇಬಾರದು. ಟಿಬಿ ಸಾಮಾನ್ಯವಾಗಿ ಪಕ್ಕಪಕ್ಕದ ಎರಡು ಮೂಳೆ ಮತ್ತು ನಡುವಿನ ಡಿಸ್ಕನ್ನು ಸೇರಿಸಿ ತಿನ್ನುತ್ತದೆ. ಹರಡಿದ ಕ್ಯಾನ್ಸರ್ ಹೆಚ್ಚಾಗಿ ಡಿಸ್ಕನ್ನು ಬಿಟ್ಟು ಮೂಳೆಯನ್ನು ಹಿಡಿಯುತ್ತದೆ. ಆದರೂ ಚಿತ್ರ ನೋಡಿ ಮಾತ್ರ ತೀರ್ಮಾನ ಮಾಡಲು ಆಗುವುದಿಲ್ಲ. ಟಿಬಿ ರೋಗಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ ಮೊದಲು 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಬೆನ್ನಿನ ಟಿಬಿಯವರಿಗೂ ಅದು ಸಿಗುತ್ತದೆ.

ಶನಿವಾರಸಂತೆ ಟೀಚರ್:
ಸ್ವಲ್ಪ ಬೇರೆ ಪ್ರಶ್ನೆ, ಕ್ಷಮಿಸಿ. ನಮ್ಮ ಮಾವನಿಗೆ ಕೈ ನಡುಗುತ್ತೆ, ನಡಿಗೆ ನಿಧಾನ. ಅಕ್ಷರ ಸಣ್ಣದಾಗುತ್ತಾ ಹೋಗುತ್ತಿದೆ. ಇದೂ ಬೆನ್ನುಹುರಿಯದಾ? ಯಾರೋ ನಸುಗುನ್ನಿ ಪುಡಿ ಕೊಡಿ ಅಂದರು.

ಡಾ. ಪೊನ್ನಂಪೇಟೆ:
ಬೆನ್ನುಹುರಿಯದು ಅನ್ನಿಸುವುದಿಲ್ಲ. ಪಾರ್ಕಿನ್‌ಸನ್ ಇರಬಹುದು, ಅದು ಮೆದುಳಿನದು. ಸುಮ್ನೆ ಕೂತಾಗ ಕೈ ನಡುಗುವುದು, ಒಂದೇ ಬದಿಯಲ್ಲಿ ಶುರುವಾಗುವುದು, ನಡೆಯುವಾಗ ಆ ಕೈ ಬೀಸದಿರುವುದು, ಅದರ ಗುರುತು. ಹೊಟ್ಟೆಯ ಮೇಲೆ ಗೆರೆ ಎಳೆದ ಹಾಗೆ ಜೋಮು ಅದರಲ್ಲಿ ಬರುವುದಿಲ್ಲ. ನಸುಗುನ್ನಿ ಬೀಜದಲ್ಲಿ ಲೀವೋಡೋಪಾ ನಿಜವಾಗಿಯೂ ಇದೆ, ಡಾಕ್ಟರು ಕೊಡುವ ಮಾತ್ರೆಯಲ್ಲಿ ಇರುವುದೂ ಅದೇ. ಅದಕ್ಕೇ ಸ್ವಂತ ಅಳತೆಯಲ್ಲಿ ಕೊಡಬೇಡಿ. ಮಾತ್ರೆಯ ಜೊತೆ ಸೇರಿದರೆ ಡೋಸ್ ಏರುಪೇರಾಗುತ್ತದೆ.

ಇನ್ನೊಂದು ಮಾತು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತುಂಬಾ ವರ್ಷದಿಂದ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆಯಾಗಬಹುದು. ಅದೂ ಬೆನ್ನುಹುರಿಯನ್ನು ಕೆಡಿಸುತ್ತದೆ. ಹಗಲು ನಡೆಯುತ್ತಾರೆ, ಕತ್ತಲಲ್ಲಿ ಅಥವಾ ಕಣ್ಣು ಮುಚ್ಚಿ ಮುಖ ತೊಳೆಯುವಾಗ ವಾಲುತ್ತಾರೆ. ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಬೇಗ ಹಿಡಿದರೆ ಇಂಜೆಕ್ಷನ್‌ನಿಂದ ಸುಧಾರಿಸುತ್ತದೆ. ಗಡ್ಡೆ ಅಂತ ಹೆದರುವ ಮೊದಲು ಇದನ್ನೂ ನೋಡಬೇಕು.

ಸುಂಟಿಕೊಪ್ಪದವ:
ಡಾಕ್ಟ್ರೇ ಅರ್ಜೆಂಟ್. ತಮ್ಮನಿಗೆ ಸಯಾಟಿಕಾ ಇತ್ತು. ನಿನ್ನೆಯಿಂದ ಕೂರುವ ಜಾಗವೆಲ್ಲ ಜೋಮು. ಇವತ್ತು ಬೆಳಿಗ್ಗೆಯಿಂದ ಮೂತ್ರ ಬಂದಿಲ್ಲ. ನೋವು ಮಾತ್ರ ಕಡಿಮೆ ಆಗಿದೆ.

ಡಾ. ಪೊನ್ನಂಪೇಟೆ:
ಈಗಲೇ ಹೊರಡಿ. ನೋವು ಕಡಿಮೆ ಆಯಿತು ಅಂತ ನಂಬಬೇಡಿ. ಹುರಿಯ ಕೆಳಗಿನ ನರದ ಗೊಂಚಲು (ಕಾಡಾ ಈಕ್ವೈನಾ) ಪೂರ್ತಿ ಒತ್ತಿರಬಹುದು. ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಬೇಕಾಗಬಹುದು. 108ಕ್ಕೆ ಕರೆ ಮಾಡಿ. ಮಡಿಕೇರಿ ಜಿಲ್ಲಾ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಮೂತ್ರ ತೆಗೆಯುವ ಕ್ಯಾತಿಟರ್ ಹಾಕಿಸಿ, ಅಲ್ಲಿಂದ ನ್ಯೂರೋಸರ್ಜನ್ ಇರುವ ಕಡೆ ಕಳಿಸಲು ಕೇಳಿ. "ಕಾಡಾ ಈಕ್ವೈನಾ ಇರಬಹುದಾ" ಅಂತ ಬಾಯಿ ಬಿಟ್ಟು ಕೇಳಿ.

ಸುಂಟಿಕೊಪ್ಪದವ:
ಹೊರಟೆವು.

ನಾಪೋಕ್ಲು ಹುಡುಗಿ:
ಮೈಸೂರಿಗೆ ಹೋಗಿ ಬಂದೆವು. ಪೂರ್ತಿ ಬೆನ್ನಿನ ಎಂಆರ್‌ಐ ಆಯಿತು. ಎದೆಭಾಗದ ಏಳನೇ ಮೂಳೆ ಮಟ್ಟದಲ್ಲಿ ಗಡ್ಡೆ, ಹುರಿಯ ಹೊರಗಡೆ, ಪೊರೆಯ ಒಳಗಡೆ ಅಂತ ಬರೆದಿದ್ದಾರೆ. ಮೆನಿಂಜಿಯೋಮಾ ಇರಬೇಕು ಅಂದರು, ಖಚಿತವಾಗಿ ಬಯಾಪ್ಸಿಯಲ್ಲಿ ಗೊತ್ತಾಗುತ್ತದಂತೆ. ಮುಂದಿನ ವಾರ ಆಪರೇಷನ್. ಅಮ್ಮ ಇನ್ನೂ ಗೋಡೆ ಹಿಡಿದು ನಡೆಯುತ್ತಾರೆ. ಅದು ಒಳ್ಳೆಯ ಲಕ್ಷಣ ಅಂದರು. ದುಡ್ಡಿನದೇ ಈಗ ಯೋಚನೆ. ನಮ್ಮದು ಎಪಿಎಲ್ ಕಾರ್ಡ್. ಅಪ್ಪ ಸೇನೆಯಲ್ಲಿದ್ದರು, ಅವರು ಹೋಗಿ ವರ್ಷಗಳಾದವು.

ನಿವೃತ್ತ ಸುಬೇದಾರ್:
ಅಮ್ಮನಿಗೆ ಫ್ಯಾಮಿಲಿ ಪೆನ್ಷನ್ ಬರುತ್ತಿದ್ದರೆ ಇಸಿಎಚ್‌ಎಸ್‌ಗೆ ಅವರು ಅರ್ಹರು ಮಗಳೇ, ಅದು ಮಾಜಿ ಸೈನಿಕರ ಮತ್ತು ಅವರ ಮನೆಯವರ ಚಿಕಿತ್ಸಾ ಯೋಜನೆ. ಕಾರ್ಡ್ ಇದೆಯಾ ನೋಡು. ಇದ್ದರೆ ಪಾಲಿಕ್ಲಿನಿಕ್‌ನಿಂದ ರೆಫರಲ್ ತೆಗೆದುಕೊಂಡು ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋದರೆ ಬಿಲ್ ಕಟ್ಟುವುದು ಬೇಡ. ಹಳೇ ಕಾಗದ ಹುಡುಕಲು ನಾನು ಬರುತ್ತೇನೆ. ನಿಮ್ಮ ತಂದೆ ನಮ್ಮವರೇ.

ಕಕ್ಕಬ್ಬೆ ಅಕ್ಕ:
ಅದು ಆಗದಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್‌ನವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷ ಮೀರದಂತೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಮಾಡಿಸಿ. ಅಡ್ಮಿಟ್ ಆದ ಮೇಲೆ ಅದಕ್ಕೆ ಓಡಾಡುವುದು ಸಾಕಪ್ಪಾ ಸಾಕು ಅನ್ನಿಸುತ್ತೆ.

ಮೆಣಸುಬಳ್ಳಿ:
ತಂಗಿ, ಮೈಸೂರಿಗೆ ಹೋಗುವ ದಿನ ನನ್ನ ಕಾರು ತೆಗೆದುಕೊಂಡು ಹೋಗಿ. ಸೀಟ್ ಪೂರ್ತಿ ಹಿಂದಕ್ಕೆ ಬಾಗುತ್ತದೆ. ರಕ್ತ ಬೇಕಾದರೂ ಹೇಳಿ, ನಮ್ಮ ಹಾಕಿ ಟೀಮಿನ ಹುಡುಗರಿದ್ದಾರೆ.

ಫಿಸಿಯೋ ಗೋಣಿಕೊಪ್ಪ:
ಆಪರೇಷನ್‌ಗೆ ಮೊದಲೇ ಮನೆ ಸಿದ್ಧ ಮಾಡಿಕೊಳ್ಳಿ. ಮೆಟ್ಟಿಲಿಗೆ ಕೈಪಟ್ಟಿ ಹಾಕಿಸಿ, ಎರಡು ಬದಿಗೂ. ಬಚ್ಚಲಿನ ಕಲ್ಲು ಪಾಚಿ ಕಟ್ಟಿದ್ದರೆ ತಿಕ್ಕಿಸಿ, ರಬ್ಬರ್ ಮ್ಯಾಟ್ ಹಾಕಿ. ಹಾಸಿಗೆಯಿಂದ ಕಕ್ಕಸಿನ ತನಕ ರಾತ್ರಿ ದೀಪ ಇರಲಿ. ಕಾಲು ಎಲ್ಲಿದೆ ಅಂತ ಪಾದ ಹೇಳದಿದ್ದಾಗ ಕಣ್ಣೇ ಹೇಳಬೇಕು. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ತನ್ನಿ. ಹಾಸಿಗೆಯಲ್ಲಿ ಇರುವ ದಿನಗಳಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ ಮತ್ತು ಬೆನ್ನಿನ ಕೆಳಗೆ ಕೆಂಪಾಗಿದೆಯಾ ದಿನಾ ನೋಡಿ. ಜೋಮು ಇರುವ ಕಡೆ ಹುಣ್ಣಾದರೂ ಅವರಿಗೆ ಗೊತ್ತಾಗುವುದಿಲ್ಲ. ವ್ಯಾಯಾಮ ತಿಂಗಳುಗಟ್ಟಲೆ ಬೇಕು. ವಾರಕ್ಕೊಮ್ಮೆ ಗೋಣಿಕೊಪ್ಪದ ಕಡೆಯಿಂದ ನಾನೇ ಬರುತ್ತೇನೆ, ಉಳಿದ ದಿನ ನೀವು ಮಾಡಿಸಬೇಕು. ಹೇಳಿಕೊಡುತ್ತೇನೆ.

ಸುಂಟಿಕೊಪ್ಪದವ:
ತಮ್ಮನಿಗೆ ಅದೇ ರಾತ್ರಿ ಆಪರೇಷನ್ ಆಯಿತು. ದೊಡ್ಡ ಡಿಸ್ಕ್ ಚೂರು ನರದ ಮೇಲೆ ಕೂತಿತ್ತು. ಕ್ಯಾತಿಟರ್ ಇನ್ನೂ ತೆಗೆದಿಲ್ಲ. ಕಾಲು ಆಡಿಸುತ್ತಾನೆ.

ನಾಪೋಕ್ಲು ಹುಡುಗಿ:
ಕೇಳಿ ಸಮಾಧಾನ ಆಯಿತು ಅಣ್ಣ. ಇಸಿಎಚ್‌ಎಸ್ ಕಾರ್ಡ್ ಅಪ್ಪನ ಪೆಟ್ಟಿಗೆಯಲ್ಲಿ ಸಿಕ್ಕಿತು, ಅಂಕಲ್ ಜೊತೆ ನಾಳೆ ಪಾಲಿಕ್ಲಿನಿಕ್‌ಗೆ ಹೋಗುತ್ತಿದ್ದೇನೆ. ನಮ್ಮಲ್ಲಿ ಕುಕ್ಕರಗಾಲಲ್ಲಿ ಕೂರುವ ಕಕ್ಕಸು ಮಾತ್ರ ಇರುವುದು. ಕಮೋಡ್ ಕುರ್ಚಿ ಬಾಡಿಗೆಗೆ ಎಲ್ಲಾದರೂ ಸಿಗುತ್ತಾ?

ಕಕ್ಕಬ್ಬೆ ಅಕ್ಕ:
ಬಾಡಿಗೆ ಯಾಕೆ, ನನ್ನದು ಅಟ್ಟದ ಮೇಲಿದೆ. ತೊಳೆದು ಭಾನುವಾರ ತಂದು ಕೊಡುತ್ತೇನೆ. ಎತ್ತರ ಹೊಂದಿಸುವ ಸ್ಕ್ರೂ ಒಂದು ಸಡಿಲ ಇದೆ, ಬಿಗಿಸಿ ತರುತ್ತೇನೆ.